‘ರನ್’ ಕಂಡಲ್ಲೆಲ್ಲ ಓಡಬೇಡಿ: ಒಂದೇ ಪದದ ಹಲವು ಅರ್ಥ ಬಿಡಿಸುವ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನ ಹೋಂಸ್ಟೇಗೆ ಅತಿಥಿಗಳಿಂದ ಸಂದೇಶ ಬರುತ್ತದೆ: ‘ವಿ ಆರ್ ರನ್ನಿಂಗ್ ಲೇಟ್’. ಮೊಬೈಲಿನಲ್ಲಿ ಒಂದೊಂದೇ ಪದ ಹಾಕಿ ನೋಡಿದವರಿಗೆ ಸಿಗುವುದು ‘ನಾವು ತಡವಾಗಿ ಓಡುತ್ತಿದ್ದೇವೆ’. ಸಕಲೇಶಪುರದ ಕಡೆಯ ತೋಟದಲ್ಲಿ ರೈಟರು (ತೋಟದ ಲೆಕ್ಕಪತ್ರ ನೋಡುವವರು) ಪಂಪ್‌ಸೆಟ್ಟಿನ ಕೈಪಿಡಿ ಬಿಡಿಸುತ್ತಾರೆ, ‘ಡು ನಾಟ್ ರನ್ ದಿ ಪಂಪ್ ಡ್ರೈ’ ಎಂದಿರುತ್ತದೆ. ‘ಪಂಪನ್ನು ಒಣಗಿಸಬೇಡಿ’ ಎಂದುಕೊಂಡು ಕೈಪಿಡಿ ಮಡಚಿಡುತ್ತಾರೆ. ಮೊದಲನೆಯದು ನಗುವ ತಪ್ಪು. ಎರಡನೆಯದರಲ್ಲಿ ದುಡ್ಡು ಹೋಗುತ್ತದೆ.

ಹಾಸನದಲ್ಲಿ ಪಿಯುಸಿ, ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ನನ್ನ ಮುಂದೆ ಈ ಪದ ತಿರುಗಿ ತಿರುಗಿ ಬರುತ್ತದೆ. ಎಡವುವ ಜಾಗವೂ ಹೆಚ್ಚುಕಡಿಮೆ ಒಂದೇ. ಎಲ್ಲರೂ ‘ರನ್’ನಿಂದಲೇ ಶುರು ಮಾಡುತ್ತಾರೆ. ಅದನ್ನು ಕೊನೆಗೆ ಮುಟ್ಟಬೇಕು, ಮೊದಲು ಅದರ ಅಕ್ಕಪಕ್ಕದವರನ್ನು ವಿಚಾರಿಸಬೇಕು. ಕೆಳಗಿನ ಹಂತಗಳನ್ನು ಜೋಡಿಸಿರುವುದು ಆ ಲೆಕ್ಕದಲ್ಲಿ. ಮಧ್ಯದ ಒಂದನ್ನು ಹಾರಿದರೂ ಮುಂದಿನದು ಕೈಕೊಡುತ್ತದೆ.

ಉದಾಹರಣೆಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಗಟ್ಟಿಯಾಗಿ ಓದಿದರೆ ಬೇಗ ತಲೆಗೆ ಹತ್ತುತ್ತದೆ.

ಏನೇನು ಬೇಕು

ಒಂದು ಪೆನ್ಸಿಲ್. ‘ರನ್’ ಇರುವ ಪೂರ್ತಿ ವಾಕ್ಯ, ಸಾಧ್ಯವಾದರೆ ಅದರ ಹಿಂದಿನದೂ ಮುಂದಿನದೂ. ಜೊತೆಗೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು; ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.

ಅಂಗೈಯಗಲದ ಇಂಗ್ಲಿಷ್–ಕನ್ನಡ ನಿಘಂಟನ್ನು ಈ ಕೆಲಸಕ್ಕೆ ತರಬೇಡಿ. ‘ರನ್’ಗೆ ಅದರಲ್ಲಿ ನಾಲ್ಕೈದು ಅರ್ಥ ಇರುತ್ತದೆ, ನಿಮಗೆ ಬೇಕಾದದ್ದು ಆರನೆಯದಾಗಿರುತ್ತದೆ. ಮೊಬೈಲಿನ ಅನುವಾದಕ್ಕೆ ಬಿಡಿ ಪದ ಕೊಡುವುದೂ ಬೇಡ. ಕೊಡುವುದಾದರೆ ಇಡೀ ವಾಕ್ಯ ಕೊಡಿ. ಆಗಲೂ ಬಂದ ಉತ್ತರವನ್ನು ಹಂತ 7ರ ಪರೀಕ್ಷೆಗೆ ಒಡ್ಡದೆ ನಂಬಬೇಡಿ.

ಶುರು ಮಾಡುವ ಮುಂಚೆ: ‘ಹಿಡಿ’ಯನ್ನು ಬಿಡಿಸಿ ನೋಡಿ

ಈ ಸಾಲುಗಳನ್ನು ಓದಿ. ಮಳೆ ಹಿಡಿಯಿತು. ಓಡಿ ಬಸ್ ಹಿಡಿದ. ಗೇಟು ತುಕ್ಕು ಹಿಡಿದಿದೆ. ಮಗು ಹಟ ಹಿಡಿದಿದೆ. ಹಾಸನದಿಂದ ಬೇಲೂರಿಗೆ ಒಂದು ಗಂಟೆ ಹಿಡಿಯುತ್ತದೆ. ಈ ಡಬ್ಬ ಐದು ಕೆಜಿ ಹಿಡಿಯುತ್ತದೆ.

ಒಂದಕ್ಕಾದರೂ ನಿಘಂಟು ಬೇಕಾಯಿತೆ? ‘ಹಿಡಿ’ ಪಕ್ಕದಲ್ಲಿ ಮಳೆ ಇದೆಯೋ ಬಸ್ಸಿದೆಯೋ ತುಕ್ಕಿದೆಯೋ ನೋಡಿದಿರಿ, ಅರ್ಥ ತಾನಾಗಿ ಕೂತಿತು. ‘ರನ್’ ಜೊತೆ ಮಾಡಬೇಕಾದದ್ದೂ ಇಷ್ಟೇ. ಕನ್ನಡದಲ್ಲಿ ಯೋಚಿಸದೆ ಮಾಡುವುದನ್ನು ಇಂಗ್ಲಿಷಿನಲ್ಲಿ ಬೇಕೆಂದೇ, ಹಂತ ಹಂತವಾಗಿ ಮಾಡುತ್ತೀರಿ.

ಹಂತ 1: ಅದು ಕೆಲಸವೋ ಹೆಸರೋ ಗುರುತಿಸಿ

‘ರನ್’ ಹಿಂದೆ ‘ಎ’, ‘ದಿ’, ‘ಟ್ರಯಲ್’, ‘ಲಾಂಗ್’ ಇಂಥದ್ದೇನಾದರೂ ನಿಂತಿದ್ದರೆ ಅದು ನಾಮಪದ. ಕ್ರಿಕೆಟ್ಟಿನ ರನ್ ಎಲ್ಲರಿಗೂ ಗೊತ್ತು. ‘ಟ್ರಯಲ್ ರನ್’ ಎಂದರೆ ಯಂತ್ರವನ್ನೋ ಕಾರ್ಯಕ್ರಮವನ್ನೋ ಮೊದಲೊಮ್ಮೆ ನಡೆಸಿ ನೋಡುವುದು. ‘ಇನ್ ದಿ ಲಾಂಗ್ ರನ್’ ಎಂದರೆ ಕಾಲ ಕಳೆದಂತೆ. ‘ಎ ರನ್ ಆನ್ ದಿ ಬ್ಯಾಂಕ್’ ಎಂದರೆ ಠೇವಣಿ ಇಟ್ಟವರೆಲ್ಲ ಹೆದರಿ ಒಟ್ಟಿಗೇ ಹಣ ಹಿಂತೆಗೆಯಲು ಮುಗಿಬೀಳುವುದು. ‘ಚಿಕನ್ ರನ್’ ಕೋಳಿ ಓಟವಲ್ಲ. ಗೂಡಿನ ಮುಂದೆ ಕೋಳಿಗಳು ಅಡ್ಡಾಡಲಿ ಎಂದು ಬಲೆ ಕಟ್ಟಿದ ಜಾಗ.

ನಾಮಪದ ಅಲ್ಲವೆಂದಾದರೆ ಕಾಲರೂಪ ನೋಡಿ: ರನ್, ರನ್ಸ್, ರ‍್ಯಾನ್, ರನ್ನಿಂಗ್. ಒಂದು ಗುಂಡಿ ಇಲ್ಲೇ ಇದೆ. ‘ದಿ ಎಸ್ಟೇಟ್ ಈಸ್ ರನ್ ಬೈ ಟೂ ಸಿಸ್ಟರ್ಸ್’ ವಾಕ್ಯದಲ್ಲಿ ‘ಈಸ್’ ಪಕ್ಕ ‘ರನ್ನಿಂಗ್’ ಇಲ್ಲವಲ್ಲ, ಮುದ್ರಣದ ತಪ್ಪೇನೋ ಎಂದು ಕೇಳುವವರಿದ್ದಾರೆ. ತಪ್ಪಿಲ್ಲ. ಅದು ಕರ್ಮಣಿ: ತೋಟವನ್ನು ಅಕ್ಕತಂಗಿಯರಿಬ್ಬರು ನಡೆಸುತ್ತಾರೆ. ‘ಫ್ಯಾಮಿಲಿ-ರನ್ ಹೋಂಸ್ಟೇ’ ಕೂಡ ಇದೇ ಜಾತಿ, ಮನೆಯವರೇ ನಡೆಸುವ ಹೋಂಸ್ಟೇ.

ಹಂತ 2: ಓಡುತ್ತಿರುವುದು ಯಾರು, ಯಾವುದು?

ಕರ್ತೃವಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಕಾಲಿರುವ ಜೀವವಾದರೆ ಓಡುತ್ತದೆ, ಅದು ಸುಲಭ. ಬಸ್ಸು ರೈಲಾದರೆ ಸಂಚಾರ. ರೈಲಿನ ವೇಳಾಪಟ್ಟಿಯ ‘ರನ್ಸ್ ಡೈಲಿ’ ಎಂದರೆ ದಿನಾ ಇದೆ ಎಂದರ್ಥ, ವೇಗದ ಮಾತು ಅಲ್ಲಿಲ್ಲ. ನೀರಾದರೆ ಹರಿಯುತ್ತದೆ: ಹೇಮಾವತಿ ಹಾಸನ ಜಿಲ್ಲೆಯಲ್ಲಿ ‘ರನ್’ ಆಗಿ ಕೊನೆಗೆ ಕಾವೇರಿಯನ್ನು ಸೇರುತ್ತಾಳೆ. ಮೂಗಾದರೆ ಸುರಿಯುತ್ತದೆ. ಸೀರೆಯ ಬಣ್ಣವಾದರೆ ಬಿಡುತ್ತದೆ. ‘ದಿ ಕಲರ್ ರ‍್ಯಾನ್’ ಎಂದು ದೂರು ಬಂದರೆ ಬಣ್ಣ ಬಿಟ್ಟು ಪಕ್ಕದ ಬಟ್ಟೆಗೂ ಹತ್ತಿದೆ ಎಂದು ತಿಳಿಯಿರಿ. ಯಂತ್ರವಾದರೆ ಚಾಲೂ ಇದೆ. ‘ದಿ ಪಲ್ಪರ್ ಈಸ್ ರನ್ನಿಂಗ್’ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ತಿರುಗುತ್ತಿದೆ, ಹಣ್ಣು ಹಾಕಬಹುದು.

ಇಲ್ಲಿಯವರೆಗೆ ಏನಾದರೊಂದು ಅಲುಗಾಡುತ್ತಿದೆ, ಆದ್ದರಿಂದ ಊಹೆಗೆ ಸಿಗುತ್ತದೆ. ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಕದಲದ ವಸ್ತು ಕರ್ತೃವಾದಾಗ. ಬೇಲಿ, ರಸ್ತೆ, ಪೈಪು, ಗಡಿ ಬಂದರೆ ಆ ‘ರನ್’ ಇಲ್ಲಿಂದ ಅಲ್ಲಿಯವರೆಗೆ ಹಬ್ಬಿರುವುದನ್ನು ಹೇಳುತ್ತದೆ. ‘ದಿ ಫೆನ್ಸ್ ರನ್ಸ್ ಅಲಾಂಗ್ ದಿ ಸ್ಟ್ರೀಮ್’: ಬೇಲಿ ಹಳ್ಳದ ಗುಂಟ ಇದೆ. ಕ್ರಯಪತ್ರದ ಚೆಕ್ಕುಬಂದಿಯನ್ನು (ಜಮೀನಿನ ನಾಲ್ಕು ದಿಕ್ಕಿನ ಗಡಿ ವಿವರವನ್ನು) ಇಂಗ್ಲಿಷಿನಲ್ಲಿ ಬರೆದಾಗ ಈ ಅರ್ಥ ಬರಬಹುದು, ಅಲ್ಲಿ ಅಳತೆ ತಪ್ಪಿದರೆ ಜಗಳ ಖಾಯಂ.

ಒಪ್ಪಂದ, ವಿಮೆ, ಗುತ್ತಿಗೆ ಕರ್ತೃವಾದರೆ ಜಾರಿಯಲ್ಲಿರುವ ಅವಧಿ. ‘ದಿ ಪಾಲಿಸಿ ರನ್ಸ್ ಫ್ರಮ್ 1 ಏಪ್ರಿಲ್ ಟು 31 ಮಾರ್ಚ್’ ಎಂದಿದ್ದರೆ ಆ ಎರಡು ದಿನಾಂಕಗಳ ನಡುವೆ ವಿಮೆ ಚಾಲ್ತಿಯಲ್ಲಿದೆ. ಕಾಯಿಲೆಯೋ ಗುಣವೋ ಆದರೆ ವಂಶದ ಮಾತು: ‘ಡಯಾಬಿಟಿಸ್ ರನ್ಸ್ ಇನ್ ದಿ ಫ್ಯಾಮಿಲಿ’, ಸಕ್ಕರೆ ಕಾಯಿಲೆ ಅವರ ಮನೆತನದಲ್ಲೇ ಇದೆ.

ಹಂತ 3: ‘ಏನನ್ನು?’ ಎಂದು ಕೇಳಿ

‘ರನ್’ ಮುಂದೆ ಕರ್ಮಪದ ಇದೆಯೇ ಹುಡುಕಿ. ಇದ್ದರೆ ‘ಓಡು’ ಬಹುಪಾಲು ಬಿದ್ದುಹೋಗುತ್ತದೆ, ‘ನಡೆಸು’ ಬರುತ್ತದೆ. ಅಂಗಡಿ, ಶಾಲೆ, ಹೋಂಸ್ಟೇ ‘ರನ್’ ಮಾಡುವುದೆಂದರೆ ನಡೆಸುವುದು. ಪಂಪು, ಜನರೇಟರ್ ಆದರೆ ಚಾಲೂ ಇಡುವುದು. ‘ರನ್ ಎ ಟೆಸ್ಟ್’ ಆದರೆ ಪರೀಕ್ಷೆ ಮಾಡುವುದು, ‘ರನ್ ಆನ್ ಆ್ಯಡ್’ ಆದರೆ ಜಾಹೀರಾತು ಹಾಕುವುದು, ‘ರನ್ ಎ ರಿಸ್ಕ್’ ಆದರೆ ಅಪಾಯ ಮೈಮೇಲೆ ಎಳೆದುಕೊಳ್ಳುವುದು, ‘ರನ್ ಎ ಬಾತ್’ ಆದರೆ ಸ್ನಾನದ ತೊಟ್ಟಿಗೆ ನೀರು ಬಿಡುವುದು.

‘ನಡೆಸು’ ಕೂಡದ ಒಂದು ಮುಖ್ಯ ಜಾಗ ‘ರನ್ ಎ ಟೆಂಪರೇಚರ್’. ಅದು ಜ್ವರ ಬಂದಿದೆ ಎಂಬುದಷ್ಟೆ. ಇದನ್ನು ನೇರವಾಗಿ ಬಾಯಿಪಾಠ ಮಾಡಿಕೊಳ್ಳಿ, ತರ್ಕ ಹುಡುಕಿ ಹೊತ್ತು ಕಳೆಯಬೇಡಿ.

ಹಂತ 4: ಬಾಲ ನೋಡಿ

ಹೆಚ್ಚು ಅಂಕ ಕಳೆಯುವುದೂ ಹೆಚ್ಚು ಗೊಂದಲ ಹುಟ್ಟುವುದೂ ಇಲ್ಲಿ, ನಿಧಾನಕ್ಕೆ ಓದಿ. ‘ರನ್’ ಮುಂದೆ ಔಟ್, ಇನ್‌ಟು, ಓವರ್, ಡೌನ್, ಅಪ್, ಆಫ್, ಬೈ ಇಂಥ ಚಿಕ್ಕ ಪದ ಅಂಟಿಕೊಂಡರೆ ಎರಡೂ ಸೇರಿ ಹೊಸ ಪದ ಆಗಿರಬಹುದು. ಆಗಿರಬಹುದು ಎಂದೆ, ಯಾಕೆಂದರೆ ಪ್ರತಿ ಬಾರಿಯೂ ಆಗುವುದಿಲ್ಲ.

ತಿಳಿಯಲು ಒಂದು ಪರೀಕ್ಷೆ. ಬಾಲವೂ ಅದರ ಮುಂದಿನ ಪದವೂ ಸೇರಿ ‘ಎಲ್ಲಿ, ಎಲ್ಲಿಗೆ?’ ಎಂಬ ಪ್ರಶ್ನೆಗೆ ಉತ್ತರವಾಗುತ್ತವೆಯೇ? ‘ಹಿ ರ‍್ಯಾನ್ ಅಪ್ ದಿ ಹಿಲ್’: ಎಲ್ಲಿಗೆ? ಗುಡ್ಡದ ಮೇಲಕ್ಕೆ. ಉತ್ತರ ಸಿಕ್ಕಿತು, ಹಾಗಾಗಿ ಅದು ಬರೀ ಓಟ. ‘ಹಿ ರ‍್ಯಾನ್ ಅಪ್ ಎ ಬಿಲ್’: ಎಲ್ಲಿಗೆ? ಬಿಲ್ಲಿನ ಮೇಲಕ್ಕೆ ಯಾರೂ ಓಡುವುದಿಲ್ಲ. ಹಾಗಾದರೆ ‘ರನ್ ಅಪ್’ ಒಂದೇ ಪದ, ಬಾಕಿ ಬೆಳೆಸಿಕೊಂಡ ಎಂದರ್ಥ.

ಇನ್ನು ಒಂದೊಂದಾಗಿ.

‘ರನ್ ಔಟ್ ಆಫ್’ ಎಂದರೆ ಮುಗಿದುಹೋಗುವುದು. ‘ವಿ ಹ್ಯಾವ್ ರನ್ ಔಟ್ ಆಫ್ ಡೀಸೆಲ್’, ಡೀಸೆಲ್ ಖಾಲಿ. ಆದರೆ ‘ರನ್ ಔಟ್ ಆಫ್ ದಿ ಹೌಸ್’ ಎಂದರೆ ಮನೆಯಿಂದ ಹೊರಗೆ ಓಡುವುದೇ. ‘ಎಲ್ಲಿಂದ?’ ಪ್ರಶ್ನೆ ಹಾಕಿದರೆ ಎರಡೂ ಬೇರೆಯಾಗುತ್ತವೆ. ಕ್ರಿಕೆಟ್ಟಿನ ‘ರನ್ ಔಟ್’ ಮೂರನೆಯದು. ನಮ್ಮ ಹುಡುಗರ ತಲೆಯಲ್ಲಿ ಇದು ಮೊದಲು ಕೂತಿರುವುದರಿಂದ ‘ದಿ ಸ್ಟಾಕ್ ರ‍್ಯಾನ್ ಔಟ್’ ಕಂಡಾಗಲೂ ಸ್ಟಂಪು ನೆನಪಾಗುತ್ತದೆ.

‘ರನ್ ಇನ್‌ಟು’ ಮೂರು ದಾರಿಗೆ ಹೋಗುತ್ತದೆ: ಡಿಕ್ಕಿ ಹೊಡೆಯುವುದು, ಅನಿರೀಕ್ಷಿತವಾಗಿ ಎದುರಾಗುವುದು, ಮೊತ್ತ ಇಷ್ಟಕ್ಕೆ ಮುಟ್ಟುವುದು. ‘ದಿ ಲಾಸ್ ರ‍್ಯಾನ್ ಇನ್‌ಟು ಲ್ಯಾಕ್ಸ್’, ನಷ್ಟ ಲಕ್ಷಗಟ್ಟಲೆ. ‘ವಿ ರ‍್ಯಾನ್ ಇನ್‌ಟು ಆನ್ ಎಲಿಫೆಂಟ್ ನಿಯರ್ ಮೂಡಿಗೆರೆ’ ಎಂದು ಅತಿಥಿ ಬರೆದರೆ? ಆನೆ ಓಡಾಡುವ ಸೀಮೆ, ಎರಡೂ ಆಗಬಹುದು. ಮುಂದಿನ ವಾಕ್ಯ ಓದದೆ ತೀರ್ಮಾನಿಸಬೇಡಿ. ಫೋಟೊ ಕಳಿಸಿದ್ದರೆ ಎದುರಾದದ್ದು, ಗ್ಯಾರೇಜಿನ ನಂಬರು ಕೇಳಿದ್ದರೆ ಡಿಕ್ಕಿ.

‘ರನ್ ಓವರ್’ ಮೇಲೆ ವಾಹನ ಹರಿಸುವುದೂ ಹೌದು, ಹೊತ್ತು ಮೀರುವುದೂ ಹೌದು. ‘ದಿ ಮೀಟಿಂಗ್ ರ‍್ಯಾನ್ ಓವರ್’ ಎಂದಾಗ ಯಾರಿಗೂ ಪೆಟ್ಟಾಗಿಲ್ಲ. ‘ರನ್ ಡೌನ್’ ಬ್ಯಾಟರಿಗೆ ಬಂದರೆ ಚಾರ್ಜ್ ಇಳಿದಿದೆ, ಮನುಷ್ಯನನ್ನು ‘ರನ್ ಡೌನ್’ ಮಾಡಿದರೆಂದರೆ ಹೀಯಾಳಿಸಿದರು ಅಥವಾ ವಾಹನದಿಂದ ಕೆಡವಿದರು, ಕಟ್ಟಡಕ್ಕೆ ‘ರನ್-ಡೌನ್’ ವಿಶೇಷಣ ಸೇರಿದರೆ ಪಾಳುಬಿದ್ದಂತಿದೆ. ‘ರನ್ ಥ್ರೂ’ ಮೊದಲಿಂದ ಕೊನೆಯವರೆಗೆ ಬೇಗನೆ ಒಮ್ಮೆ ನೋಡಿ ಮುಗಿಸುವುದು. ‘ರನ್-ಆಫ್’ ಎಂದು ಕೃಷಿ ಕರಪತ್ರದಲ್ಲಿ ಬಂದರೆ ಇಳಿಜಾರಿನಲ್ಲಿ ಇಂಗದೆ ಕೊಚ್ಚಿಹೋಗುವ ಮಳೆನೀರು.

ಕಚೇರಿ ಇಮೇಲಿನಲ್ಲಿ ಕಾಣುವ ‘ಲೆಟ್ ಮಿ ರನ್ ಇಟ್ ಬೈ ದಿ ಮ್ಯಾನೇಜರ್’ ಎಷ್ಟೋ ಜನರಿಗೆ ಅರ್ಥವೇ ಆಗುವುದಿಲ್ಲ. ಮ್ಯಾನೇಜರ ಕಿವಿಗೆ ಒಮ್ಮೆ ಹಾಕಿ ಅವರೇನನ್ನುತ್ತಾರೋ ನೋಡುತ್ತೇನೆ ಎಂಬುದು ಭಾವ. ನಿಮ್ಮ ಕೆಲಸ ಒಪ್ಪಿಗೆಯಾಯಿತು ಎಂದುಕೊಂಡು ಅಡ್ವಾನ್ಸ್ ಕಟ್ಟಿಬಿಡಬೇಡಿ.

ಬಾಲದ ಜಾಗದಲ್ಲಿ ವಿಶೇಷಣ ಬಂದರೆ ಬೇರೆ ಸೂತ್ರ: ಲೇಟ್, ಲೋ, ಶಾರ್ಟ್, ಡ್ರೈ, ಹೈ. ಆಗ ‘ರನ್’ ಎಂದರೆ ಆ ಸ್ಥಿತಿಯಲ್ಲಿರುವುದು ಅಥವಾ ಆ ಸ್ಥಿತಿಗೆ ಬರುವುದು. ‘ರನ್ನಿಂಗ್ ಲೇಟ್’ ತಡವಾಗುತ್ತಿದೆ. ‘ರನ್ನಿಂಗ್ ಲೋ’ ಮುಗಿಯುತ್ತಾ ಬಂದಿದೆ. ‘ದಿ ವೆಲ್ ರ‍್ಯಾನ್ ಡ್ರೈ’ ಬಾವಿ ಬತ್ತಿತು. ಪಂಪಿನ ಕೈಪಿಡಿಗೆ ಈಗ ಬನ್ನಿ: ಪಂಪಿಗೆ ಹಂತ 3ರಂತೆ ‘ಚಾಲೂ ಇಡು’, ‘ಡ್ರೈ’ಗೆ ‘ನೀರಿಲ್ಲದ ಸ್ಥಿತಿ’. ಒಳಗೆ ನೀರಿಲ್ಲದೆ ಪಂಪ್ ಓಡಿಸಬೇಡಿ. ಪಂಪಿನ ಮೆಕ್ಯಾನಿಕಲ್ ಸೀಲಿಗೆ (ತಿರುಗುವ ದಂಡದ ಬಳಿ ನೀರು ಸೋರದಂತೆ ತಡೆಯುವ ಭಾಗಕ್ಕೆ) ತಂಪೂ ಜಾರುವಿಕೆಯೂ ಆ ನೀರಿನಿಂದಲೇ ಸಿಗುತ್ತದೆ. ನೀರಿಲ್ಲದಿದ್ದರೆ ಕಾದು ಕೆಟ್ಟುಹೋಗುತ್ತದೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಬೇಸಿಗೆಯ ದಿನಗಳಲ್ಲಿ ಕೆರೆ ತಳ ಕಂಡಿರುತ್ತದಲ್ಲ, ಈ ವಾಕ್ಯ ಬೇಕಾಗುವುದು ಆವಾಗಲೇ.

ಹಂತ 5: ಎಲ್ಲಿ ಅಚ್ಚಾಗಿದೆ ನೋಡಿ

ನಾಲ್ಕು ಹಂತ ದಾಟಿದರೂ ಎರಡು ಅರ್ಥ ಉಳಿದಿದ್ದರೆ ಕಾಗದದ ಜಾತಿ ನೋಡಿ. ‘ಇಂದಿರಾ ಗಾಂಧಿ ರ‍್ಯಾನ್ ಫ್ರಮ್ ಚಿಕ್ಕಮಗಳೂರು ಇನ್ 1978’ ವಾಕ್ಯವನ್ನು ಮಕ್ಕಳಿಗೆ ಕೊಟ್ಟರೆ ‘ಚಿಕ್ಕಮಗಳೂರಿನಿಂದ ಓಡಿಹೋದರು’ ಎಂದು ಬರೆಯುವವರು ಸಿಗುತ್ತಾರೆ. ಚುನಾವಣೆಯ ಮಾತಾದ್ದರಿಂದ ಅದು ಸ್ಪರ್ಧೆ: ಆ ವರ್ಷದ ಲೋಕಸಭಾ ಉಪಚುನಾವಣೆಯಲ್ಲಿ ಅವರು ಇಲ್ಲಿಂದ ನಿಂತು ಗೆದ್ದರು. ಸ್ಪರ್ಧೆಗೆ ‘ರನ್’ ಎನ್ನುವುದು ಅಮೆರಿಕದವರ ರೂಢಿ, ಬ್ರಿಟಿಷರು ‘ಸ್ಟ್ಯಾಂಡ್’ ಎನ್ನುತ್ತಾರೆ. ಅವರು ಓಡುತ್ತಾರೆ, ಇವರೂ ನಾವೂ ನಿಲ್ಲುತ್ತೇವೆ.

ಕೋರ್ಟಿನ ಕಾಗದದಲ್ಲಿ ಹುಷಾರು. ಒಬ್ಬನಿಗೆ ಎರಡು ಅಪರಾಧಕ್ಕೆ 2 ವರ್ಷ, 3 ವರ್ಷ ಶಿಕ್ಷೆಯಾಗಿ ‘ಟು ರನ್ ಕನ್‌ಕರೆಂಟ್ಲಿ’ ಎಂದಿದ್ದರೆ ಎರಡೂ ಒಟ್ಟಿಗೇ ಕಳೆಯುತ್ತವೆ, 3 ವರ್ಷಕ್ಕೆ ಮುಗಿಯುತ್ತದೆ. ‘ಕಾನ್ಸಿಕ್ಯುಟಿವ್ಲಿ’ ಎಂದಿದ್ದರೆ ಒಂದಾದ ಮೇಲೆ ಒಂದು, 5 ವರ್ಷ. ಹಾಗೆಯೇ 1963ರ ಲಿಮಿಟೇಶನ್ ಕಾಯ್ದೆಯ ಅನುಸೂಚಿಯಲ್ಲಿ ‘ಟೈಮ್ ಫ್ರಮ್ ವಿಚ್ ಪೀರಿಯಡ್ ಬಿಗಿನ್ಸ್ ಟು ರನ್’ ಎಂಬ ಕಾಲಮ್ಮೇ ಇದೆ. ದಾವೆ ಹೂಡಲು ಇರುವ ಗಡುವನ್ನು ಯಾವತ್ತಿನಿಂದ ಎಣಿಸಬೇಕು ಎಂಬುದು ಅದರ ತಿರುಳು. ಇಂಥ ಕಾಗದವನ್ನು ನೀವೇ ಬಿಡಿಸಿ ತೃಪ್ತರಾಗಬೇಡಿ, ವಕೀಲರಿಗೆ ತೋರಿಸಿ.

ಹೊಸ ಬೈಕಿನ ಕೈಪಿಡಿಯ ‘ರನ್ನಿಂಗ್-ಇನ್’ ಎಂದರೆ ಎಂಜಿನ್ ಪಳಗುವವರೆಗಿನ ಮೊದಲ ಅವಧಿ. ಆಗ ಜೋರಾಗಿ ಓಡಿಸಬೇಡಿ ಎಂದು ಹೇಳಲೆಂದೇ ಆ ಪುಟ ಇರುವುದು. ಅರ್ಥ ತಿರುಗಾದರೆ ಎಂಜಿನ್ ಅನುಭವಿಸುತ್ತದೆ.

ಹಂತ 6: ಈಗ ನಿಘಂಟು

ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನ ಹೊಸ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ ಒಂದಕ್ಕೇ 645 ಅರ್ಥ ಕೊಟ್ಟಿದ್ದಾರೆ. ಹೆದರಬೇಡಿ, ಅದು ವಿದ್ವಾಂಸರಿಗೆ. ಕಲಿಯುವವರ ನಿಘಂಟಿನಲ್ಲಿ ಅರ್ಥಗಳನ್ನು ಗುಂಪು ಮಾಡಿ, ಗುಂಪಿನ ತಲೆಗೆ ಒಂದೆರಡು ಸೂಚಿಪದ ಹಾಕಿರುತ್ತಾರೆ. ಆ ಸೂಚಿಪದಗಳ ಮೇಲಷ್ಟೇ ಕಣ್ಣಾಡಿಸಿ. ಹಂತ 2ರಲ್ಲಿ ಸುತ್ತು ಹಾಕಿದ ಕರ್ತೃವಿಗೆ ಹೊಂದುವ ಗುಂಪು ಸಿಕ್ಕಲ್ಲಿ ನಿಲ್ಲಿ. ವಿವರಣೆಗಿಂತ ಮೊದಲು ಅಲ್ಲಿಯ ಉದಾಹರಣೆ ಓದಿ. ನಿಮ್ಮ ವಾಕ್ಯದ ಸಂಬಂಧಿಕನಂತೆ ಕಂಡರೆ ಅದೇ. ಬಾಲವಿದ್ದರೆ ಮುಖ್ಯ ನಮೂದಿನಲ್ಲಿ ತಡಕಾಡಬೇಡಿ. ‘ರನ್ ಔಟ್’, ‘ರನ್ ಇನ್‌ಟು’ ಕೊನೆಯಲ್ಲಿ ಬೇರೆಯಾಗಿ ಇರುತ್ತವೆ.

ಹಂತ 7: ಕನ್ನಡದಲ್ಲಿ ಹೇಳಿ ನೋಡಿ

ಸಿಕ್ಕಿದ ಅರ್ಥವನ್ನು ಇಂಗ್ಲಿಷ್ ಬಾರದವರೊಬ್ಬರಿಗೆ ಒಂದೇ ವಾಕ್ಯದಲ್ಲಿ ಹೇಳಿ. ಅಮ್ಮನಿಗಾಗಲಿ, ತೋಟದ ಮೇಸ್ತ್ರಿಗಾಗಲಿ. ‘ಹಂಗಂದ್ರೆ?’ ಎಂದು ಮರುಪ್ರಶ್ನೆ ಬಂದರೆ ನಿಮಗಿನ್ನೂ ಸಿಕ್ಕಿಲ್ಲ, ಹಂತ 2ಕ್ಕೆ ವಾಪಸ್. ಕೈಪಿಡಿಯ ವಾಕ್ಯವಾದರೆ ಕೇಳಿದವರಿಗೆ ಈಗ ಯಾವ ಸ್ವಿಚ್ಚು ಒತ್ತಬೇಕು, ಯಾವುದನ್ನು ಮುಟ್ಟಬಾರದು ಎಂಬುದು ತಿಳಿದಿರಬೇಕು.

ತಪ್ಪು ದಾರಿ ಹಿಡಿದಿದ್ದೀರಿ ಎನ್ನುವ ಗುರುತುಗಳು

ಕಾಲಿಲ್ಲದ ವಸ್ತು ನಿಮ್ಮ ಕನ್ನಡದಲ್ಲಿ ಓಡತೊಡಗಿದರೆ ಅನುಮಾನಿಸಿ: ಬೇಲಿ ಓಡಿತು, ವಿಮೆ ಓಡಿತು, ಸಭೆ ಓಡಿತು. (ಸಿನಿಮಾ ನೂರು ದಿನ ಓಡಿದರೆ ಪರವಾಗಿಲ್ಲ, ಆ ಮಾತು ನಮ್ಮಲ್ಲೂ ಇದೆ.) ಒಂದೇ ಪ್ಯಾರಾದ ಮೂರು ‘ರನ್’ಗೂ ಒಂದೇ ಕ್ರಿಯಾಪದ ಬಂದರೆ ಅನುಮಾನಿಸಿ. ‘ಔಟ್’, ‘ಬೈ’ ಇಂಥ ಚಿಕ್ಕ ಪದವೊಂದು ಅನುವಾದದಲ್ಲಿ ಎಲ್ಲೂ ಕಾಣದಿದ್ದರೆ ಬಾಲ ಕತ್ತರಿಸಿದ್ದೀರಿ.

ನಮ್ಮೂರ ‘ರನ್ನಿಂಗ್’

ತಿರುಗುಮುರುಗಾದ ತೊಂದರೆಯೂ ಒಂದಿದೆ. ಇಲ್ಲಿಯ ಬಾಯಲ್ಲಿ ಪಳಗಿದ ‘ರನ್ನಿಂಗ್’ಗಳನ್ನು ಹೊರದೇಶದ ಅತಿಥಿಗೆ ಹೇಳಿದರೆ ಅವರು ಪಿಳಿಪಿಳಿ ನೋಡಬಹುದು. ಬಡಗಿಯ ‘ರನ್ನಿಂಗ್ ಫೀಟ್’ ಎಂದರೆ ಉದ್ದದ ಅಡಿ ಲೆಕ್ಕ, ಚದರಡಿ ಅಲ್ಲ. ಕೊಟೇಶನ್ ಓದುವಾಗ ಇವೆರಡು ಅದಲುಬದಲಾದರೆ ಲೆಕ್ಕವೇ ಬುಡಮೇಲು. ಸೀರೆ ಅಂಗಡಿಯ ‘ರನ್ನಿಂಗ್ ಬ್ಲೌಸ್’ ಸೀರೆಯ ಜೊತೆಗೇ ನೇಯ್ದು ಬಂದ ರವಿಕೆ ಬಟ್ಟೆ. ಕಂಟ್ರಾಕ್ಟರ ‘ರನ್ನಿಂಗ್ ಬಿಲ್’ ಕೆಲಸ ನಡೆಯುತ್ತಿರುವಾಗಲೇ ಆದಷ್ಟಕ್ಕೆ ಕೊಡುವ ಬಿಲ್ಲು. ಇವುಗಳಿಗೆ ನಿಘಂಟು ತೆರೆಯುವುದಕ್ಕಿಂತ ಅಂಗಡಿಯವರನ್ನು ಕೇಳುವುದೇ ಬೇಗ.

ಒಂದು ಪೂರ್ತಿ ಸಂದೇಶ ಬಿಡಿಸೋಣ

ಹೋಂಸ್ಟೇಗೆ ಹೀಗೊಂದು ಸಂದೇಶ ಬಂತೆನ್ನಿ: ‘ವಿ ಆರ್ ರನ್ನಿಂಗ್ ಲೇಟ್. ರ‍್ಯಾನ್ ಇನ್‌ಟು ಹೆವಿ ರೇನ್ ಅಟ್ ಚಾರ್ಮಾಡಿ. ಮೈ ಸನ್ ಈಸ್ ರನ್ನಿಂಗ್ ಎ ಟೆಂಪರೇಚರ್. ಈಸ್ ದೇರ್ ಹಾಟ್ ರನ್ನಿಂಗ್ ವಾಟರ್? ಆಲ್ಸೋ, ಹೂ ರನ್ಸ್ ದಿ ಜೀಪ್ ಟು ಮುಳ್ಳಯ್ಯನಗಿರಿ, ಅಂಡ್ ಟಿಲ್ ವಾಟ್ ಟೈಮ್ ಡಸ್ ಇಟ್ ರನ್?’

ಮೊದಲನೆಯದು ವಿಶೇಷಣದ ಜೊತೆ ಬಂದದ್ದು: ಬರುವುದು ತಡ. ಎರಡನೆಯದಕ್ಕೆ ಬಾಲವಿದೆ, ಮುಂದೆ ಮಳೆ ಇದೆ. ಮಳೆಗೆ ಡಿಕ್ಕಿ ಹೊಡೆಯಲಾಗದು, ಚಾರ್ಮಾಡಿ ಘಾಟಿಯಲ್ಲಿ ಜೋರು ಮಳೆಗೆ ಸಿಕ್ಕಿದ್ದಾರೆ. ಮೂರನೆಯದು ಬಾಯಿಪಾಠದ್ದು: ಮಗನಿಗೆ ಜ್ವರ. ಊಟ ಏನು ಮಾಡಿಡಬೇಕು ಎಂಬುದನ್ನು ಈ ವಾಕ್ಯವೇ ತೀರ್ಮಾನಿಸುತ್ತದೆ, ಗಂಜಿಗಿಡಿ. ನಾಲ್ಕನೆಯದರಲ್ಲಿ ‘ರನ್ನಿಂಗ್’ ನೀರಿನ ವಿಶೇಷಣ, ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆಯೇ ಎಂದು ಕೇಳುತ್ತಿದ್ದಾರೆ. ಹಂಡೆಯಲ್ಲಿ ಕಾಯಿಸಿ ಬಕೆಟ್ಟಿನಲ್ಲಿ ಕೊಡುವವರು ‘ಎಸ್’ ಎಂದು ಹಾಕದೆ ಇದ್ದದ್ದನ್ನು ಬರೆಯಿರಿ, ಆಮೇಲಿನ ಮಾತು ತಪ್ಪುತ್ತದೆ.

ಕೊನೆಯ ವಾಕ್ಯದಲ್ಲಿ ಎರಡು ‘ರನ್’. ಮೊದಲನೆಯದಕ್ಕೆ ‘ಏನನ್ನು?’ ಎಂದರೆ ‘ಜೀಪನ್ನು’ ಎಂಬ ಉತ್ತರವಿದೆ, ಆದ್ದರಿಂದ ಜೀಪ್ ಬಿಡುವವರು ಯಾರು ಎಂಬ ಪ್ರಶ್ನೆ. ಎರಡನೆಯದಕ್ಕೆ ಕರ್ಮವಿಲ್ಲ, ಕರ್ತೃ ವಾಹನ. ಎಷ್ಟು ಗಂಟೆಯವರೆಗೆ ಜೀಪ್ ಇರುತ್ತದೆ ಎಂಬ ವಿಚಾರಣೆ. ಉತ್ತರದಲ್ಲಿ ನೀವೂ ‘ರನ್’ ಬಳಸಲು ಹೆಣಗಬೇಕಿಲ್ಲ. ಡ್ರೈವರ್ ಹೆಸರು, ಫೋನ್ ನಂಬರು, ಕೊನೆಯ ಜೀಪಿನ ಹೊತ್ತು, ಇಷ್ಟು ಹಾಕಿ ಕಳಿಸಿ.